ಫ್ಯಾರೋ ದ್ವೀಪದ ಕುಟುಂಬಗಳು ಮತ್ತು ಉದ್ದ ಬೆಳೆಯದ ಕಣ್ಣು

ಹುಟ್ಟಿದ ಮಗುವಿನ ಕಣ್ಣನ್ನು ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಿಂದ ಹಿಂದೆ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದವರೆಗೆ ಅಳೆದರೆ ಅದರ ಉದ್ದ ಸುಮಾರು 17 ಮಿಲಿಮೀಟರ್ ಇರುತ್ತದೆ. ಮೊದಲ ಎರಡು ಮೂರು ವರ್ಷಗಳಲ್ಲಿ ಬೇಗ ಬೇಗ ಬೆಳೆದು, ಆಮೇಲೆ ನಿಧಾನವಾಗಿ, ಪ್ರಾಯಕ್ಕೆ ಬರುವ ಹೊತ್ತಿಗೆ ಅದು 23ರಿಂದ 24 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಕೆಲವು ಕುಟುಂಬಗಳಲ್ಲಿ ಮಾತ್ರ ಈ ಬೆಳವಣಿಗೆ ಅರ್ಧಕ್ಕೇ ನಿಂತು, ದೊಡ್ಡವರಾದ ಮೇಲೂ ಕಣ್ಣಿನ ಉದ್ದ 16, 17 ಅಥವಾ 18 ಮಿಲಿಮೀಟರಿನಲ್ಲೇ ಉಳಿದುಬಿಡುತ್ತದೆ. ಅಂಥ ಕಣ್ಣಿನಲ್ಲಿ ಮಸೂರ ಸರಿಯಾಗಿಯೇ ಇರುತ್ತದೆ, ಕಾರ್ನಿಯಾ ಸ್ವಚ್ಛವಾಗಿರುತ್ತದೆ, ಹೊರಗಿನಿಂದ ನೋಡಿದವರಿಗೆ ಯಾವ ಊನವೂ ಕಾಣುವುದಿಲ್ಲ. ಆದರೆ ರೆಟಿನಾ ತಾನು ಇರಬೇಕಾದ ಜಾಗಕ್ಕಿಂತ ಬಹಳ ಮುಂದೆ ಇರುವುದರಿಂದ, ಬೆಳಕಿನ ಕಿರಣಗಳು ಒಂದು ಬಿಂದುವಿನಲ್ಲಿ ಕೂಡುವ ಮೊದಲೇ ಅದಕ್ಕೆ ಬಡಿಯುತ್ತವೆ. ಉದ್ದದಲ್ಲಿ ಒಂದು ಮಿಲಿಮೀಟರ್ ಕಡಿಮೆಯಾದರೆ ಕನ್ನಡಕದ ಪವರ್ ಸುಮಾರು 3 ಡಯಾಪ್ಟರ್ (ಪವರಿನ ಅಳತೆ) ಏರುತ್ತದೆ. ನಲವತ್ತು ದಾಟಿದವರು ಪತ್ರಿಕೆ ಓದಲು ಹಾಕಿಕೊಳ್ಳುವ ಕನ್ನಡಕ ಪ್ಲಸ್ 1 ಅಥವಾ 2 ಇದ್ದರೆ, ಈ ಕಣ್ಣುಗಳಿಗೆ ದೂರದ ವಸ್ತುವನ್ನು ನೋಡುವುದಕ್ಕೂ ಪ್ಲಸ್ 8ರಿಂದ ಹಿಡಿದು ಪ್ಲಸ್ 25ರವರೆಗಿನ ಪವರ್ ಬೇಕಾಗುತ್ತದೆ.

ಅತಿ ದೂರದೃಷ್ಟಿ ಎಂದು ಕರೆಯುವ, ಜಗತ್ತಿನಲ್ಲಿ ತೀರ ವಿರಳವಾದ ಈ ಆನುವಂಶಿಕ ಸ್ಥಿತಿ ಹೆಚ್ಚಾಗಿ ಕಾಣಿಸುವ ಕೆಲವೇ ಜಾಗಗಳಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳೂ ಒಂದು. ಸ್ಕಾಟ್‌ಲ್ಯಾಂಡಿನ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ನಾರ್ವೆ ಮತ್ತು ಐಸ್‌ಲ್ಯಾಂಡ್‌ಗಳ ನಡುವೆ, ಒಟ್ಟು 18 ದ್ವೀಪಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಎಲ್ಲವನ್ನೂ ಸೇರಿಸಿದರೆ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರ್, ಎಂದರೆ ನಮ್ಮ ಕೊಡಗು ಜಿಲ್ಲೆಯ ಮೂರನೆಯ ಒಂದು ಭಾಗ. ಇಂದು ಅಲ್ಲಿರುವ ಜನ ಐವತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಡೆನ್ಮಾರ್ಕಿನ ರಾಜಸತ್ತೆಗೆ ಸೇರಿದ ನಾಡಾದರೂ 1948ರಿಂದ ಸ್ವಯಮಾಡಳಿತವಿದೆ, ತನ್ನದೇ ಆದ ಫ್ಯಾರೋಯೀ ಭಾಷೆಯಿದೆ, ಟೋರ್ಸ್‌ಹಾವ್ನ್ ಎಂಬ ಪುಟ್ಟ ರಾಜಧಾನಿಯಿದೆ.

ನಾನು ಈ ದ್ವೀಪಗಳ ವಿಷಯವನ್ನು ಓದತೊಡಗಿದ್ದಕ್ಕೆ ಕಾರಣ ನನ್ನ ಮಗಳು. ಅವಳ ಕನ್ನಡಕದ ಪವರ್ ಪ್ಲಸ್ 14. ಕಣ್ಣಿನ ಉದ್ದ 17 ಮಿಲಿಮೀಟರಿನ ಆಸುಪಾಸು. ವಂಶವಾಹಿ ಪರೀಕ್ಷೆಯ ವರದಿಯಲ್ಲಿ ಪಿಆರ್‌ಎಸ್‌ಎಸ್56 ಎಂಬ ವಂಶವಾಹಿಯ ಹೆಸರು ಬಂದಾಗ, ಅದು ಏನೆಂದು ತಿಳಿಯಲು ಹುಡುಕುತ್ತ ಹೋದ ನನಗೆ ಮೊದಲು ಎದುರಾದದ್ದೇ ಫ್ಯಾರೋ ದ್ವೀಪದ ಕುಟುಂಬಗಳು. ಕನ್ನಡದಲ್ಲಿ ಈ ವಿಷಯವನ್ನು ವಿವರವಾಗಿ ಬರೆದಿಡಬೇಕೆಂದು ನನಗೆ ಅನ್ನಿಸಿದ್ದು, ನನ್ನಂತೆಯೇ ಮಗುವಿನ ದಪ್ಪ ಕನ್ನಡಕವನ್ನು ಕೈಯಲ್ಲಿ ಹಿಡಿದು ಉತ್ತರ ಹುಡುಕುತ್ತಿರುವ ತಂದೆತಾಯಿಯರು ನಮ್ಮಲ್ಲಿಯೂ ಇದ್ದಾರೆ ಎಂಬ ಕಾರಣಕ್ಕೆ.

ದ್ವೀಪದ ಚರಿತ್ರೆಯನ್ನು ಸ್ವಲ್ಪ ಹೇಳದೆ ಕಣ್ಣಿನ ಕಥೆಯನ್ನು ಹೇಳಲಾಗುವುದಿಲ್ಲ. ಒಂಬತ್ತನೆಯ ಶತಮಾನದ ಸುಮಾರಿಗೆ ನಾರ್ವೆಯ ಕಡೆಯಿಂದ ಹಡಗುಗಳಲ್ಲಿ ಬಂದವರು ಅಲ್ಲಿ ನೆಲೆಯೂರಿದರು. ಈಗಿನ ಜನರ ವಂಶವಾಹಿಗಳನ್ನು ಪರೀಕ್ಷಿಸಿದವರು ಕಂಡುಕೊಂಡಂತೆ, ತಂದೆಯ ಕಡೆಯ ಮೂಲ ಬಹುಪಾಲು ಸ್ಕ್ಯಾಂಡಿನೇವಿಯಾದ್ದು, ತಾಯಿಯ ಕಡೆಯ ಮೂಲ ಬಹುಪಾಲು ಬ್ರಿಟಿಷ್ ದ್ವೀಪಗಳದ್ದು. ಹಾಗೆ ಬಂದು ನೆಲೆಸಿದ ಕೆಲವು ಕುಟುಂಬಗಳ ಸಂತತಿಯೇ ಮುಂದೆ ಸಾವಿರ ವರ್ಷ ಆ ಕಡಿದಾದ ಬೆಟ್ಟಗಳ ಬುಡದಲ್ಲಿ ಕುರಿ ಸಾಕುತ್ತ, ಮೀನು ಹಿಡಿಯುತ್ತ ಬಾಳಿತು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಅಲ್ಲಿನ ಜನಸಂಖ್ಯೆ ಐದು ಸಾವಿರದ ಆಚೀಚೆಯಷ್ಟೇ. 1856ರವರೆಗೆ ವ್ಯಾಪಾರವೆಲ್ಲ ಡೆನ್ಮಾರ್ಕಿನ ರಾಜಸತ್ತೆಯ ಏಕಸ್ವಾಮ್ಯದಲ್ಲಿದ್ದುದರಿಂದ ಹೊರಗಿನ ಹಡಗುಗಳು ಬರುವುದೇ ಅಪರೂಪವಾಗಿತ್ತು. ದ್ವೀಪದಿಂದ ದ್ವೀಪಕ್ಕೆ ಹೋಗುವುದೂ ಸುಲಭವಾಗಿರಲಿಲ್ಲ. ಕಡಲು ಮುನಿದರೆ ವಾರಗಟ್ಟಲೆ ದೋಣಿ ಬಿಡಲಾಗದ ಊರುಗಳು ಅಲ್ಲಿದ್ದವು. ಹುಡುಗನೊಬ್ಬ ಹೆಣ್ಣು ನೋಡಬೇಕೆಂದರೆ ತನ್ನ ಕಣಿವೆಯಲ್ಲಿಯೋ ಪಕ್ಕದ ಕಣಿವೆಯಲ್ಲಿಯೋ ನೋಡಬೇಕಿತ್ತು.

ವೈದ್ಯಶಾಸ್ತ್ರಕ್ಕೆ ಈ ದ್ವೀಪಗಳು ಹಿಂದೆಯೂ ಒಂದು ದೊಡ್ಡ ಪಾಠವನ್ನು ಕಲಿಸಿದ್ದವು. 1846ರಲ್ಲಿ ಅಲ್ಲಿ ದಡಾರ ಹಬ್ಬಿದಾಗ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಅಲ್ಲಿಗೆ ಹೋದ ಪೀಟರ್ ಲುಡ್ವಿಗ್ ಪಾನುಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯ ಊರೂರು ಸುತ್ತಿ ಬರೆದುಕೊಂಡಾಗ, 1781ರಲ್ಲಿ ಹಿಂದಿನ ಸಲ ದಡಾರ ಬಂದಿದ್ದಾಗ ಅದನ್ನು ಅನುಭವಿಸಿದ್ದ ಮುದುಕರು ಯಾರಿಗೂ ಈ ಸಲ ರೋಗ ಬರಲಿಲ್ಲ ಎಂಬುದು ಅವನಿಗೆ ಕಂಡಿತು. ಒಮ್ಮೆ ಬಂದ ದಡಾರ ಅರುವತ್ತೈದು ವರ್ಷಗಳ ಮೇಲೂ ದೇಹವನ್ನು ಕಾಯುತ್ತದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಲು ಸಾಧ್ಯವಾದದ್ದು ನಡುವಿನ ಅಷ್ಟೂ ವರ್ಷ ರೋಗ ಅಲ್ಲಿಗೆ ಕಾಲಿಡದಿದ್ದುದರಿಂದ. ಯಾರು ಎಲ್ಲಿಂದ ಬಂದರು, ಯಾರ ಮಕ್ಕಳು ಯಾರು ಎಂಬುದು ಊರಿನವರ ನೆನಪಿನಲ್ಲೂ ಚರ್ಚಿನ ದಾಖಲೆಗಳಲ್ಲೂ ಉಳಿದಿರುವ ಜಾಗದಲ್ಲಿ ವಂಶದ ಎಳೆಯನ್ನು ಹಿಡಿಯುವುದೂ ಅಷ್ಟೇ ಸಾಧ್ಯ. ಕಣ್ಣಿನ ವಿಷಯದಲ್ಲಿ ಆದದ್ದು ಅದೇ.

ದಪ್ಪ ಪ್ಲಸ್ ಕನ್ನಡಕದ ಮಂದಿ ಕೆಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತಿದ್ದಾರೆ ಎಂಬುದನ್ನು ಗಮನಿಸಿದ ಕಣ್ಣಿನ ವೈದ್ಯರು ಆ ಕುಟುಂಬಗಳ ವಂಶವೃಕ್ಷಗಳನ್ನು ಬರೆದು, ಕಣ್ಣುಗಳನ್ನು ಅಳೆದು, ಫ್ಯಾರೋ ದ್ವೀಪಗಳ ಆನುವಂಶಿಕ ಅತಿ ದೂರದೃಷ್ಟಿಯ ಬಗ್ಗೆ 2005ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ತಂದೆತಾಯಿ ಇಬ್ಬರ ಕಣ್ಣೂ ಸರಿಯಿದ್ದು ಮಕ್ಕಳಲ್ಲಿ ಕೆಲವರಿಗೆ ಮಾತ್ರ ಈ ಸ್ಥಿತಿ ಬರುವುದು, ಗಂಡು ಹೆಣ್ಣೆನ್ನುವ ಭೇದವಿಲ್ಲದಿರುವುದು, ಇವೆಲ್ಲ ಅಪ್ರಬಲ ಆನುವಂಶಿಕತೆಯ ಗುರುತುಗಳು. ಎಂದರೆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಏನೂ ಆಗುವುದಿಲ್ಲ, ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕೆಟ್ಟ ಪ್ರತಿಗಳೇ ಸಿಕ್ಕಿದ ಮಗುವಿಗೆ ಮಾತ್ರ ಕಣ್ಣು ಗಿಡ್ಡವಾಗುತ್ತದೆ. ಒಂದು ಕೆಟ್ಟ ಪ್ರತಿಯನ್ನು ಹೊತ್ತವರು ಇನ್ನೂರರಲ್ಲಿ ಒಬ್ಬರು ಇರುವ ದೊಡ್ಡ ಸಮಾಜದಲ್ಲಿ, ಸಂಬಂಧವಿಲ್ಲದವರ ನಡುವೆ ಮದುವೆಗಳಾದರೆ, ಒಂದು ಲಕ್ಷದ ಅರುವತ್ತು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಅಂಥ ಸ್ಥಿತಿ ಬರುತ್ತದೆ. ಅದೇ ಇಪ್ಪತ್ತರಲ್ಲಿ ಒಬ್ಬರು ಹೊತ್ತಿದ್ದಾರೆ ಎಂದಿಟ್ಟುಕೊಂಡರೆ ಲೆಕ್ಕ ಸಾವಿರದ ಆರುನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಇವು ಉದಾಹರಣೆಗೆ ಹೇಳಿದ ಸಂಖ್ಯೆಗಳೇ ಹೊರತು ದ್ವೀಪದ ಗಣತಿಯಲ್ಲ. ಆದರೆ ಮೊದಲು ಬಂದ ಕೆಲವರಲ್ಲಿ ಯಾರೋ ಒಬ್ಬರ ಜೊತೆಗೆ ಬಂದ ಬದಲಾವಣೆ ಸಾವಿರ ವರ್ಷಗಳಲ್ಲಿ ಎಷ್ಟು ಮನೆಗಳಿಗೆ ಹರಡಬಹುದು, ಅದರ ಪರಿಣಾಮ ಎಷ್ಟು ಹೆಚ್ಚಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ.

2011ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆ ದಾರಿಗಳಿಂದ ಒಂದೇ ಬಾಗಿಲಿಗೆ ಬಂದವು. ಯುರೋಪಿನ ತಂಡವು ಎರಡು ದೊಡ್ಡ ಫ್ಯಾರೋ ಕುಟುಂಬಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ವಂಶವಾಹಿಗಳನ್ನು ಹೊತ್ತ ಎರಡನೆಯ ಕ್ರೋಮೋಸೋಮಿನ ತುದಿಯ ಹತ್ತಿರದ ಒಂದು ಸಣ್ಣ ಭಾಗದವರೆಗೆ ಹುಡುಕಾಟವನ್ನು ಕಿರಿದುಗೊಳಿಸಿ, ಅಲ್ಲಿರುವ ಪಿಆರ್‌ಎಸ್‌ಎಸ್56 ಎಂಬ ವಂಶವಾಹಿಯಲ್ಲಿ ತಪ್ಪನ್ನು ಕಂಡಿತು. ಈ ವಂಶವಾಹಿ 603 ಅಮೈನೋ ಆಮ್ಲಗಳು ಕೊಂಡಿಗಳಂತೆ ಸೇರಿ ಆದ ಒಂದು ಕಿಣ್ವವನ್ನು, ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಒಂದು ಕಿಣ್ವವನ್ನು, ತಯಾರಿಸಲು ಬೇಕಾದ ಸೂಚನೆ. ಫ್ಯಾರೋ ರೋಗಿಗಳಲ್ಲಿ ಅದರ 309ನೆಯ ಸ್ಥಾನದಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಸೆರೀನ್ ಎಂಬ ಬೇರೊಂದು ಬಂದು ಕೂತಿತ್ತು. ಆರುನೂರಕ್ಕೂ ಹೆಚ್ಚು ಕೊಂಡಿಗಳ ಸರಪಳಿಯಲ್ಲಿ ಒಂದು ಕೊಂಡಿ ಬದಲಾದುದರಿಂದ ಕಿಣ್ವದ ಕೆಲಸ ಬಹಳ ಕುಗ್ಗುತ್ತದೆ ಎಂದು ಅದರ ರಚನೆಯನ್ನು ಲೆಕ್ಕ ಹಾಕಿದವರು ಹೇಳಿದರು.

ಆ ಪ್ರಬಂಧದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಎಲ್ಲ ರೋಗಿಗಳಲ್ಲೂ ಅದೇ ಒಂದು ಬದಲಾವಣೆ ಎರಡು ಸಲ ಇರಲಿಲ್ಲ. ಕೆಲವರಲ್ಲಿ ಒಂದು ಪ್ರತಿ ಈ ಬಗೆಯಲ್ಲಿ ಕೆಟ್ಟಿದ್ದರೆ, ಇನ್ನೊಂದು ಪ್ರತಿ 176ನೆಯ ಸ್ಥಾನದಲ್ಲಿ, ಅರ್ಜಿನೀನ್ ಹೋಗಿ ಗ್ಲೈಸೀನ್ ಬಂದು, ಮತ್ತೊಂದು ಬಗೆಯಲ್ಲಿ ಕೆಟ್ಟಿತ್ತು. ಅಂಥವರ ತಂದೆಯ ಕಡೆಯಿಂದ ಬಂದ ತಪ್ಪೂ ತಾಯಿಯ ಕಡೆಯಿಂದ ಬಂದ ತಪ್ಪೂ ಒಬ್ಬನೇ ಪೂರ್ವಜನವಲ್ಲ. ಅಷ್ಟು ಚಿಕ್ಕ ದ್ವೀಪಸಮೂಹದಲ್ಲಿಯೂ ಎರಡು ಪ್ರತ್ಯೇಕ ಎಳೆಗಳು ಒಂದು ಮಗುವಿನಲ್ಲಿ ಬಂದು ಸೇರಿವೆ. ಇನ್ನೊಬ್ಬ ಫ್ಯಾರೋ ರೋಗಿಯಲ್ಲಂತೂ ಈ ವಂಶವಾಹಿಯಲ್ಲಿ ಯಾವ ತಪ್ಪೂ ಸಿಗಲಿಲ್ಲ, ಎಂದರೆ ಅವರ ಕಣ್ಣು ಗಿಡ್ಡವಾದದ್ದಕ್ಕೆ ಕಾರಣ ಬೇರೆಲ್ಲಿಯೋ ಇದೆ. ಅದೇ ಪ್ರಬಂಧದಲ್ಲಿ ಟ್ಯುನೀಷಿಯಾದ ಒಂದು ಕುಟುಂಬವೂ ಇದೆ, ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬ. ಅವರಲ್ಲಿ ಐವರಿಗೆ ಇದೇ ವಂಶವಾಹಿಯಲ್ಲಿ ಒಂದು ಅಕ್ಷರ ಎರಡು ಸಲ ಬರೆಯಲ್ಪಟ್ಟು, ಅಲ್ಲಿಂದ ಮುಂದಿನ ಸೂಚನೆಯೆಲ್ಲ ಅರ್ಥ ಕಳೆದುಕೊಂಡಿತ್ತು.

ದ್ವೀಪದವರು ಒಳಗೊಳಗೇ ಮದುವೆಯಾದರು, ಅದಕ್ಕೇ ಹೀಗಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಈ ವಿವರಗಳು ಉತ್ತರವಾಗಬೇಕು ಎಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಯಲ್ಲಿಯೂ ಈ ಮಾತು ಬಂದಿತ್ತು. ನಮ್ಮದು ಸೋದರಿಕೆಯ ಮದುವೆ, ನನ್ನ ಗಂಡ ನನ್ನ ಸೋದರತ್ತೆಯ ಮಗ. ಮಗಳ ಕಣ್ಣಿನ ವಿಷಯ ತಿಳಿದ ಮೇಲೆ ನಮ್ಮ ಅತ್ತೆಯವರು ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ, “ನಾನೇ ನಿನ್ನನ್ನು ಕೇಳಿ ತಂದೆನಲ್ಲೇ, ನನ್ನಿಂದಲೇ ಆಯಿತು” ಎಂದು ಕೊರಗುತ್ತಿದ್ದರು. ಕರ್ನಾಟಕದಲ್ಲಿ ಸರಿಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತದೆ ಎಂಬುದು ನಿಜ, ಹಾಗೆ ಆದಾಗ ಅಪಾಯ ಏರುತ್ತದೆ ಎಂಬುದೂ ನಿಜ, ಅದನ್ನು ಮುಚ್ಚಿಡಬಾರದು. ಒಬ್ಬರಲ್ಲಿ ಅಪ್ರಬಲ ತಪ್ಪೊಂದು ಇದ್ದರೆ ಅವರ ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳಲ್ಲಿ ಒಬ್ಬರಿಗೆ ಅದೇ ತಪ್ಪು ಇರುವ ಸಾಧ್ಯತೆ ಎಂಟರಲ್ಲಿ ಒಂದು. ಅವರಿಬ್ಬರೂ ಮದುವೆಯಾದರೆ ಹುಟ್ಟುವ ಮಗುವಿಗೆ ಆ ಸ್ಥಿತಿ ಬರುವ ಸಾಧ್ಯತೆ ಮೂವತ್ತೆರಡರಲ್ಲಿ ಒಂದು. ಮಾವ ಸೋದರಸೊಸೆಯರ ಮದುವೆಯಾದರೆ ಹದಿನಾರರಲ್ಲಿ ಒಂದು. ಮದುವೆಗೆ ಮೊದಲೇ ಈ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಆದರೆ ಫ್ಯಾರೋ ದ್ವೀಪದವರು ಹತ್ತಿರದ ನೆಂಟರನ್ನೇ ಹುಡುಕಿ ಮದುವೆಯಾದವರಲ್ಲ. ಅಲ್ಲಿ ಎಲ್ಲರೂ ಎಲ್ಲರಿಗೂ ಹತ್ತಾರು ತಲೆಮಾರಿನ ಆಚೆ ದೂರದ ಸಂಬಂಧಿಗಳು, ಅಷ್ಟೆ. ಮನುಷ್ಯರಾದ ನಾವೆಲ್ಲರೂ ಇಂಥ ಕೆಲವು ತಪ್ಪುಗಳನ್ನು ಗೊತ್ತಿಲ್ಲದೆ ಹೊತ್ತು ತಿರುಗುತ್ತೇವೆ. ಮಗಳ ಮುಖ ನೋಡಿ ಯಾರೂ ತಲೆ ತಗ್ಗಿಸಬೇಕಾದ ಕಾರಣವಿಲ್ಲ ಎಂದು ಅತ್ತೆಯವರಿಗೆ ತಿಳಿಸಿ ಹೇಳಲು ನನಗೆ ಆ ದೂರದ ಕುಟುಂಬಗಳ ವಂಶವೃಕ್ಷವೇ ನೆರವಾಯಿತು.

ಎರಡನೆಯ ತಂಡ ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದ್ದು. ಅಲ್ಲಿ ಇಲಿಗಳ ಕಣ್ಣಿನಲ್ಲಿ ಒತ್ತಡ ಏರುವ ಗ್ಲಾಕೋಮಾದ ಕಾರಣವನ್ನು ಹುಡುಕುತ್ತಿದ್ದವರಿಗೆ, ಆ ಇಲಿಗಳ ಕಣ್ಣು ಉದ್ದದಲ್ಲಿ ಕಿರಿದಾಗಿರುವುದೂ ಅದಕ್ಕೆ ಇದೇ ಪಿಆರ್‌ಎಸ್‌ಎಸ್56 ಕಾರಣವಾಗಿರುವುದೂ ಗೊತ್ತಾಯಿತು. ಅದೇ ವಂಶವಾಹಿಯ ದೋಷ ಮನುಷ್ಯರಲ್ಲಿಯೂ ಕಣ್ಣನ್ನು ಗಿಡ್ಡವಾಗಿಸುತ್ತದೆ ಎಂಬುದನ್ನು ಅವರೂ ಅದೇ ವರ್ಷ ತೋರಿಸಿಕೊಟ್ಟರು. ಗಿಡ್ಡ ಕಣ್ಣಿಗೂ ಗ್ಲಾಕೋಮಾಕ್ಕೂ ಇರುವ ಈ ನಂಟನ್ನು ನನ್ನಂಥ ತಂದೆತಾಯಿಯರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು, ಮುಂದೆ ಅದಕ್ಕೆ ಬರುತ್ತೇನೆ.

ಇದಕ್ಕೂ ಮೊದಲು, 2005ರಲ್ಲಿ, ಅಮೆರಿಕದ ಅಮಿಶ್ ಮತ್ತು ಮೆನೊನೈಟ್ ಎಂಬ ಕ್ರೈಸ್ತ ಪಂಗಡಗಳ ಮೂಲದ ಒಂದು ದೊಡ್ಡ ಬಳಗವೂ ಸೇರಿದಂತೆ ಕೆಲವು ಕುಟುಂಬಗಳಲ್ಲಿ ಇದೇ ಬಗೆಯ ಅತಿ ದೂರದೃಷ್ಟಿಗೆ ಎಂಎಫ್‌ಆರ್‌ಪಿ ಎಂಬ ಮತ್ತೊಂದು ವಂಶವಾಹಿ ಕಾರಣವೆಂದು ಗೊತ್ತಾಗಿತ್ತು. ಅಮಿಶರ ನಾಡು ಸಮುದ್ರದ ನಡುವಿನ ದ್ವೀಪವಲ್ಲ. ಆದರೆ ಯುರೋಪಿನಿಂದ ಬಂದ ಕೆಲವೇ ಕುಟುಂಬಗಳ ಸಂತತಿ, ತಮ್ಮ ಮತದವರೊಳಗೇ ಮದುವೆಯಾಗುತ್ತ ಬಂದ ಸಮುದಾಯ ಎನ್ನುವುದರಿಂದ ಫಲ ಅದೇ ಆಗಿದೆ. ಎಂಎಫ್‌ಆರ್‌ಪಿ ಪ್ರೋಟೀನು ಸಂಪೂರ್ಣವಾಗಿ ಇಲ್ಲದ ರೋಗಿಗಳಲ್ಲಿಯೂ ರೆಟಿನಾದ ವಿದ್ಯುತ್ ಪರೀಕ್ಷೆ ಸರಿಯಾಗಿಯೇ ಬರಬಹುದು, ಕನ್ನಡಕ ಹಾಕಿದರೆ ದೃಷ್ಟಿಯೂ ಚೆನ್ನಾಗಿರಬಹುದು ಎಂದು ಆ ಸಂಶೋಧಕರು ತೋರಿಸಿದರು. ಬೇರೆ ಕೆಲವು ಕುಟುಂಬಗಳಲ್ಲಿ ಎಂಎಫ್‌ಆರ್‌ಪಿ ದೋಷದ ಜೊತೆಗೆ ಇರುಳುಗುರುಡನ್ನು ತರುವ ರೆಟಿನಾ ರೋಗವೂ ಕಂಡುಬಂದದ್ದುಂಟು. ಆದ್ದರಿಂದ ಯಾವ ವಂಶವಾಹಿ ಎಂದು ತಿಳಿದುಕೊಳ್ಳುವುದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಕಣ್ಣಿನ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಫ್ಯಾರೋ ಕುಟುಂಬಗಳಲ್ಲಿ ಕಾಣುವ ಬಗೆಯಲ್ಲಿ ಕಣ್ಣಿನ ಮುಂಭಾಗ ಹೆಚ್ಚುಕಡಿಮೆ ಸರಿಯಾದ ಅಳತೆಗೆ ಬೆಳೆದಿರುತ್ತದೆ, ಹಿಂಭಾಗ ಮಾತ್ರ ಗಿಡ್ಡ. ಹೊರಗೋಡೆಯಾದ ಸ್ಕ್ಲೀರಾ ಬೆಳೆಯುವುದನ್ನು ನಿಲ್ಲಿಸಿದರೂ ಅದರ ಒಳಮೈಗೆ ಅಂಟಿದ ರೆಟಿನಾ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ರವಿಕೆಯ ಒಳಬಟ್ಟೆ ಹೊರಬಟ್ಟೆಗಿಂತ ದೊಡ್ಡದಾಗಿ ಕತ್ತರಿಸಿದ್ದರೆ ಒಳಗೆ ನೆರಿಗೆ ಬೀಳುವಂತೆ, ಹೆಚ್ಚಾದ ರೆಟಿನಾ ಮಡಿಕೆಯಾಗುತ್ತದೆ. ಆ ಮಡಿಕೆ ಬೀಳುವುದು ಕಣ್ಣಿನ ನರ ಮತ್ತು ಅತಿ ಸೂಕ್ಷ್ಮ ದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾ ಇವೆರಡರ ನಡುವೆ, ಇರಬಾರದ ಜಾಗದಲ್ಲಿಯೇ. ಆದ್ದರಿಂದ ಎಷ್ಟು ಸರಿಯಾದ ಕನ್ನಡಕ ಕೊಟ್ಟರೂ ಹಲವರಿಗೆ ಕಣ್ಣಿನ ಚಾರ್ಟಿನ ಕೊನೆಯ ಸಾಲುಗಳು ಓದಲು ಸಿಗುವುದಿಲ್ಲ. ಅದು ಮಗುವಿನ ಹಟವೂ ಅಲ್ಲ, ಕನ್ನಡಕದ ತಪ್ಪೂ ಅಲ್ಲ.

ಚಿಕ್ಕ ಮಕ್ಕಳಲ್ಲಿ ಇದನ್ನು ಗುರುತಿಸುವುದು ಕಷ್ಟವಾಗುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಸಾಧಾರಣ ದೂರದೃಷ್ಟಿಯಿರುವ ಮಗು ತನ್ನ ಮಸೂರವನ್ನು ಬಿಗಿಹಿಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ, ಆ ಶ್ರಮದಲ್ಲಿ ಕಣ್ಣು ಒಳಕ್ಕೆ ಎಳೆದು ಮೆಳ್ಳೆಗಣ್ಣಾಗುತ್ತದೆ, ಮನೆಯವರು ಗಾಬರಿಯಾಗಿ ವೈದ್ಯರ ಹತ್ತಿರ ಓಡುತ್ತಾರೆ. ಪ್ಲಸ್ 14ರ ಕೊರತೆಯನ್ನು ಯಾವ ಮಗುವಿಗೂ ಹಾಗೆ ದಿನವಿಡೀ ತುಂಬಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಅದು ಪ್ರಯತ್ನವನ್ನೇ ಮಾಡುವುದಿಲ್ಲ, ಕಣ್ಣು ನೇರವಾಗಿಯೇ ಇರುತ್ತದೆ, ಜಗತ್ತು ಮಸುಕಾಗಿಯೇ ಇರುತ್ತದೆ. ಇನ್ನೂ ವಿಚಿತ್ರವೆಂದರೆ ಇಂಥ ಮಗು ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುತ್ತದೆ. ಹತ್ತಿರ ಹಿಡಿದರೆ ಅಕ್ಷರ ಮಸುಕಾದರೂ ದೊಡ್ಡದಾಗಿ ಕಾಣುತ್ತದೆ, ಅಷ್ಟರಿಂದಲೇ ಮಗು ಓದಿಕೊಳ್ಳುತ್ತದೆ. ನೋಡಿದವರು ಸಮೀಪದೃಷ್ಟಿ ಎಂದುಕೊಳ್ಳುತ್ತಾರೆ. ನನ್ನ ಮಗಳ ಶಾಲೆಯಲ್ಲಿಯೂ ಹಾಗೆಯೇ ಅಂದುಕೊಂಡು ಅವಳನ್ನು ಮೊದಲ ಬೆಂಚಿಗೆ ಕಳುಹಿಸಿದ್ದರು. ಹನಿ ಹಾಕಿ ಮಸೂರವನ್ನು ಸಡಿಲಗೊಳಿಸಿ, ರೆಟಿನಾದಿಂದ ಮರಳಿ ಬರುವ ಬೆಳಕನ್ನು ನೋಡಿ ಪವರ್ ಅಳೆಯುವ ಪರೀಕ್ಷೆಯೊಂದೇ ನಿಜವನ್ನು ಹೇಳುತ್ತದೆ. ಅದಕ್ಕೆ ಮಗು ಅಕ್ಷರ ಓದಲು ಕಲಿತಿರಬೇಕೆಂದೇನೂ ಇಲ್ಲ, ತೊಟ್ಟಿಲ ಮಗುವಿಗೂ ಮಾಡಬಹುದು.

ಇದನ್ನು ಬೇಗ ಮಾಡಿಸಬೇಕಾದ ಕಾರಣ ಮಿದುಳಿನಲ್ಲಿದೆ. ಮೊದಲ ಕೆಲವು ವರ್ಷಗಳಲ್ಲಿ ಕಣ್ಣಿನಿಂದ ಸ್ಪಷ್ಟ ಚಿತ್ರ ಬಾರದಿದ್ದರೆ ನೋಡುವುದನ್ನು ಮಿದುಳು ಪೂರ್ತಿಯಾಗಿ ಕಲಿಯುವುದಿಲ್ಲ, ಆಮೇಲೆ ಎಷ್ಟು ಒಳ್ಳೆಯ ಕನ್ನಡಕ ಹಾಕಿದರೂ ಕಲಿತುಕೊಳ್ಳುವುದು ಕಷ್ಟ. ಸೋಮಾರಿ ಕಣ್ಣು ಎಂದು ಕರೆಯುವ ಈ ತೊಂದರೆ ಅತಿ ದೂರದೃಷ್ಟಿಯ ಮಕ್ಕಳಲ್ಲಿ ಎರಡು ಕಣ್ಣಿಗೂ ಬರುತ್ತದೆ. ಕುಟುಂಬದಲ್ಲಿ ಒಬ್ಬರಿಗೆ ಈ ಸ್ಥಿತಿ ಇದೆಯೆಂದು ಗೊತ್ತಿದ್ದರೆ ಅವರ ತಮ್ಮ ತಂಗಿಯರನ್ನು ಕೈಗೂಸಾಗಿರುವಾಗಲೇ ಪರೀಕ್ಷಿಸಿ ಕನ್ನಡಕ ಕೊಡಬಹುದು.

ಇನ್ನು ಗ್ಲಾಕೋಮಾದ ಮಾತು. ಕಣ್ಣು ಚಿಕ್ಕದು, ಒಳಗಿನ ಮಸೂರ ಮಾತ್ರ ಎಲ್ಲರಂತೆಯೇ ದೊಡ್ಡದು. ವಯಸ್ಸಾದಂತೆ ಮಸೂರ ಇನ್ನಷ್ಟು ದಪ್ಪವಾಗುತ್ತದೆ, ಮುಂದಿನ ಜಾಗ ಇನ್ನಷ್ಟು ಇಕ್ಕಟ್ಟಾಗುತ್ತದೆ, ಕಣ್ಣಿನೊಳಗಿನ ನೀರು ಹೊರಗೆ ಹರಿದು ಹೋಗುವ ಮೂಲೆ ಮುಚ್ಚಿಕೊಳ್ಳುತ್ತದೆ. ಒತ್ತಡ ನಿಧಾನವಾಗಿ ಏರಬಹುದು, ಇಲ್ಲವೇ ಒಂದು ರಾತ್ರಿ ಥಟ್ಟನೆ ಏರಿ ತಲೆನೋವು, ವಾಂತಿ, ಕೆಂಪು ಕಣ್ಣು, ದೀಪಗಳ ಸುತ್ತ ಬಣ್ಣದ ಉಂಗುರ ಕಾಣಿಸಿಕೊಳ್ಳಬಹುದು. ಕಣ್ಣಿನ ಮುಂಭಾಗವೂ ಹಿಂಭಾಗವೂ ಎರಡೂ ಕಿರಿದಾಗಿರುವ ಬಗೆಯಲ್ಲಿ ಈ ಅಪಾಯ ಹೆಚ್ಚು, ಹಿಂಭಾಗ ಮಾತ್ರ ಗಿಡ್ಡವಿರುವ ಬಗೆಯಲ್ಲಿ ಕಡಿಮೆ. ಒಂದೇ ವಂಶವಾಹಿಯಿಂದ ಎರಡೂ ಬಗೆಯ ಕಣ್ಣುಗಳು ಬರಬಹುದಾದ್ದರಿಂದ ಯಾರೂ ಪರೀಕ್ಷೆಯನ್ನು ಬಿಡುವ ಹಾಗಿಲ್ಲ. ಆ ಮೂಲೆ ಎಷ್ಟು ತೆರೆದಿದೆ ಎಂಬುದನ್ನು ವೈದ್ಯರು ಒಂದು ವಿಶೇಷ ಮಸೂರವನ್ನು ಕಣ್ಣಿಗೆ ತಾಗಿಸಿ ನೋಡುತ್ತಾರೆ, ನೋವಾಗುವುದಿಲ್ಲ. ಇಕ್ಕಟ್ಟಾಗಿದ್ದರೆ ಲೇಸರಿನಿಂದ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗದಲ್ಲಿ ಒಂದು ಸಣ್ಣ ತೂತು ಮಾಡಿ ನೀರಿಗೆ ದಾರಿ ಮಾಡಿಕೊಡಬಹುದು.

ಫ್ಯಾರೋ ಕುಟುಂಬಗಳಿಂದ ತಿಳಿದುಬಂದ ವಂಶವಾಹಿ ಗಿಡ್ಡ ಕಣ್ಣಿನವರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎನ್ನುವುದು ಈ ಕಥೆಯಲ್ಲಿ ನನಗೆ ಅತ್ಯಂತ ಅಚ್ಚರಿಯ ಭಾಗ. 2013ರಲ್ಲಿ ಹತ್ತಾರು ಸಾವಿರ ಸಾಮಾನ್ಯ ಜನರ ವಂಶವಾಹಿಗಳನ್ನು ಅವರ ಕನ್ನಡಕದ ಪವರಿನ ಜೊತೆಗೆ ಇಲ್ಲವೇ ಸಮೀಪದೃಷ್ಟಿ ಶುರುವಾದ ವಯಸ್ಸಿನ ಜೊತೆಗೆ ಹೋಲಿಸಿ ನೋಡಿದ ಎರಡು ದೊಡ್ಡ ಅಧ್ಯಯನಗಳಲ್ಲಿ, ಸಮೀಪದೃಷ್ಟಿಗೆ ಸಂಬಂಧಿಸಿದ ಜಾಗಗಳ ಪಟ್ಟಿಯಲ್ಲಿ ಪಿಆರ್‌ಎಸ್‌ಎಸ್56ರ ಜಾಗವೂ ಕಾಣಿಸಿಕೊಂಡಿತು. ಎಂದರೆ ಅದೇ ವಂಶವಾಹಿ ತೀರ ಕೆಟ್ಟರೆ ಕಣ್ಣು ಬೆಳೆಯುವುದೇ ಇಲ್ಲ, ಅದರಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳು ಎಲ್ಲರ ಕಣ್ಣಿನ ಉದ್ದವನ್ನೂ ಒಂದಿಷ್ಟು ಆಚೀಚೆ ಮಾಡುತ್ತವೆ. ಹುಟ್ಟುವಾಗ ಬಹುತೇಕ ಮಕ್ಕಳಿಗೂ ಸ್ವಲ್ಪ ದೂರದೃಷ್ಟಿ ಇರುತ್ತದೆ, ರೆಟಿನಾದ ಮೇಲೆ ಬೀಳುವ ಚಿತ್ರದ ಸ್ಪಷ್ಟತೆಯನ್ನು ನೋಡಿಕೊಂಡು ಕಣ್ಣು ತನ್ನ ಉದ್ದವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕೋಳಿಮರಿಗಳ ಕಣ್ಣಿಗೆ ಮಸೂರಗಳನ್ನು ಅಂಟಿಸಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ, ಮೈನಸ್ ಮಸೂರ ಹಾಕಿದರೆ ಕಣ್ಣು ಉದ್ದವಾಗುತ್ತದೆ, ಪ್ಲಸ್ ಹಾಕಿದರೆ ಬೆಳವಣಿಗೆ ನಿಧಾನವಾಗುತ್ತದೆ. ಹಾಗಾದರೆ ರೆಟಿನಾದಿಂದ ಹೊರಗೋಡೆಗೆ ಏನೋ ಒಂದು ಸುದ್ದಿ ಹೋಗಬೇಕು. ಪಿಆರ್‌ಎಸ್‌ಎಸ್56 ಕಿಣ್ವವನ್ನು ತಯಾರಿಸುವುದು ರೆಟಿನಾದಲ್ಲಿರುವ ಮ್ಯುಲ್ಲರ್ ಜೀವಕೋಶಗಳು ಎಂದೂ, ಕಣ್ಣಿನ ಉದ್ದದ ಬೆಳವಣಿಗೆಗೆ ಅವು ಬೇಕೇ ಬೇಕು ಎಂದೂ 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ಎಂಎಫ್‌ಆರ್‌ಪಿ ಮತ್ತು ಪಿಆರ್‌ಎಸ್‌ಎಸ್56 ಒಂದೇ ಜಾಲದ ಭಾಗಗಳು ಎಂಬುದು 2021ರ ಹೊತ್ತಿಗೆ ಸ್ಪಷ್ಟವಾಯಿತು. ಅಮಿಶ್ ಬಳಗವೂ ಫ್ಯಾರೋ ಕುಟುಂಬಗಳೂ, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಜಾಲದ ಎರಡು ಎಳೆಗಳನ್ನು ತೋರಿಸಿಕೊಟ್ಟಿದ್ದರು. ಇಂದು ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತಿರುವಾಗ, ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುವ ದಾರಿಯನ್ನು ಹುಡುಕುವವರು ಈ ಕಿಣ್ವದತ್ತಲೂ ನೋಡುತ್ತಿದ್ದಾರೆ.

ಈ ಎಲ್ಲ ಪ್ರಬಂಧಗಳಲ್ಲಿ ಆ ಕುಟುಂಬಗಳಿಗೆ ಹೆಸರಿಲ್ಲ, ವಂಶವೃಕ್ಷದಲ್ಲಿ ಚೌಕ ಮತ್ತು ವೃತ್ತಗಳು ಮಾತ್ರ ಇವೆ. ಅದು ಹಾಗೆಯೇ ಇರಬೇಕು. ಐವತ್ತು ಸಾವಿರ ಜನರ ನಾಡಿನಲ್ಲಿ ಇಂಥ ಊರಿನ ಇಂಥ ಮನೆ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆದರೂ ಅವರು ರಕ್ತ ಕೊಟ್ಟರು, ಅಜ್ಜ ಮುತ್ತಜ್ಜರ ಹೆಸರುಗಳನ್ನು ನೆನೆದು ಹೇಳಿದರು. ಆ ನಾಡಿನವರು ತಮ್ಮ ವಂಶವಾಹಿಗಳ ವಿಷಯದಲ್ಲಿ ತೋರಿದ ಪ್ರಬುದ್ಧತೆ ಬೇರೆ ಕಡೆಯೂ ಕಾಣುತ್ತದೆ. ಕಾರ್ನಿಟೀನ್ ಎಂಬ ಪೋಷಕಾಂಶವನ್ನು ಜೀವಕೋಶಗಳು ಹೀರಿಕೊಳ್ಳಲಾಗದ ಆನುವಂಶಿಕ ರೋಗ ಅಲ್ಲಿ ಸುಮಾರು 300ರಲ್ಲಿ ಒಬ್ಬರಿಗೆ ಇದೆ, ಜಗತ್ತಿನಲ್ಲೇ ಅತಿ ಹೆಚ್ಚು. ಅದರಿಂದ ಕೆಲವು ತರುಣ ಜೀವಗಳು ಹಠಾತ್ತನೆ ಹೋದ ಮೇಲೆ ಇಡೀ ನಾಡಿಗೇ ರಕ್ತಪರೀಕ್ಷೆಯ ಅವಕಾಶ ಕೊಟ್ಟರು, ಜನ ಸಾಲುಗಟ್ಟಿ ಪರೀಕ್ಷೆ ಮಾಡಿಸಿಕೊಂಡರು, ರೋಗವಿದ್ದವರಿಗೆ ಪೂರಕ ಕೊಟ್ಟು ಬದುಕಿಸಿದರು. ಇದರಲ್ಲಿ ನಾಚಿಕೆಯ ಮಾತು ಎಲ್ಲಿಯೂ ಬರಲಿಲ್ಲ. ನಮ್ಮಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಸುತ್ತಮುತ್ತ ಕೀಲುಗಳನ್ನು ಕುಗ್ಗಿಸುವ ಆನುವಂಶಿಕ ರೋಗವನ್ನು ಎಪ್ಪತ್ತರ ದಶಕದಿಂದ ಹೊತ್ತು ಬಂದ ಕುಟುಂಬಗಳಿಗೆ ಊರಿನ ಹೆಸರನ್ನೇ ರೋಗಕ್ಕೆ ಅಂಟಿಸಿ ಕರೆದೆವು. ಕಾಯಿಲೆಯ ಜೊತೆಗೆ ಆ ಗುರುತನ್ನೂ ಅವರು ಹೊರಬೇಕಾಯಿತು ಎಂಬುದು ನನಗೆ ನೋವಿನ ವಿಷಯ.

ಈ ಸ್ಥಿತಿಗೆ ಮದ್ದಿಲ್ಲ, ಬೆಳೆಯದೆ ನಿಂತ ಕಣ್ಣನ್ನು ಬೆಳೆಸುವ ಚಿಕಿತ್ಸೆ ಇನ್ನೂ ಬಂದಿಲ್ಲ. ಇರುವುದು ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್. ದಪ್ಪ ಪ್ಲಸ್ ಗಾಜು ಕಣ್ಣನ್ನು ದೊಡ್ಡದಾಗಿ ತೋರಿಸುತ್ತದೆ, ಅಂಚಿನಲ್ಲಿ ಒಂದು ಉಂಗುರದಷ್ಟು ಜಾಗವನ್ನು ಕಾಣದಂತೆ ಮಾಡುತ್ತದೆ. ಆ ಉಂಗುರದಿಂದ ವಸ್ತುಗಳು ಥಟ್ಟನೆ ಹಾರಿ ಬಂದಂತೆ ಮಗುವಿಗೆ ಅನ್ನಿಸುತ್ತದೆ, ಮೆಟ್ಟಿಲಿಳಿಯುವಾಗ ಎಡವಲು ಅದೂ ಕಾರಣ. ಗಾಜನ್ನು ಕಣ್ಣಿಗೆ ಎಷ್ಟು ಹತ್ತಿರ ಕೂರಿಸಿದ್ದಾರೆ ಎಂಬುದೂ ಇಷ್ಟು ದೊಡ್ಡ ಪವರಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂಗಿನ ಮೇಲೆ ಫ್ರೇಮು ಸ್ವಲ್ಪ ಜಾರಿದರೂ ಪವರ್ ಬದಲಾದಂತೆಯೇ ಆಗುತ್ತದೆ. ಆದ್ದರಿಂದ ಚಿಕ್ಕ ಫ್ರೇಮು, ಕಿವಿಯ ಹಿಂದೆ ಸುತ್ತುವ ಕಡ್ಡಿ, ಹಗುರವಾದ ಗಾಜು ಕೇಳಿ ತೆಗೆದುಕೊಳ್ಳಬೇಕು. ಮಗು ದೊಡ್ಡದಾದ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಉಂಗುರವೂ ಹೋಗುತ್ತದೆ, ನೋಟವೂ ಅಗಲವಾಗುತ್ತದೆ.

ಮನೆಯಲ್ಲಿ ದಪ್ಪ ಪ್ಲಸ್ ಕನ್ನಡಕದ ಹಿರಿಯರು ಯಾರಾದರೂ ಇದ್ದರೆ ಅವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗಿಡ್ಡ ಕಣ್ಣಿನ ಸ್ಕ್ಲೀರಾ ತುಂಬಾ ದಪ್ಪವಾಗಿರುವುದರಿಂದ ಕಣ್ಣಿನಿಂದ ರಕ್ತ ಹೊರಗೆ ಹೋಗುವ ನಾಳಗಳು ಅದರಲ್ಲಿ ಸಿಕ್ಕಿ ಒತ್ತಿಕೊಂಡಿರುತ್ತವೆ. ಪೊರೆಯ ಆಪರೇಷನ್ನಿಗೆಂದು ಕಣ್ಣು ತೆರೆದಾಗ ಒತ್ತಡ ಥಟ್ಟನೆ ಇಳಿದರೆ ರೆಟಿನಾದ ಹಿಂದೆ ನೀರೋ ರಕ್ತವೋ ತುಂಬಿಕೊಂಡು ದೃಷ್ಟಿಯೇ ಹೋಗುವ ಅಪಾಯವಿದೆ. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ತಕ್ಕಂತೆ ಸಿದ್ಧರಾಗುತ್ತಾರೆ, ಸಣ್ಣ ಗಾಯದಲ್ಲಿ ಮಾಡುತ್ತಾರೆ, ಬೇಕಾದರೆ ಸ್ಕ್ಲೀರಾದಲ್ಲಿ ಮೊದಲು ಕಿಟಕಿ ಕೊಯ್ದು ಒತ್ತಡಕ್ಕೆ ದಾರಿ ಮಾಡುತ್ತಾರೆ. ಕಣ್ಣಿನೊಳಗೆ ಇಡುವ ಕೃತಕ ಮಸೂರವೂ ಇಂಥವರಿಗೆ ಸಾಮಾನ್ಯಕ್ಕಿಂತ ಬಹಳ ಹೆಚ್ಚಿನ ಪವರಿನದು ಬೇಕಾಗುತ್ತದೆ, ಅದನ್ನು ಮುಂಚಿತವಾಗಿ ತರಿಸಿಡಬೇಕು. ಊರಿನ ಶಿಬಿರದಲ್ಲಿ ಒಂದೇ ದಿನ ಮುಗಿಸಿಬಿಡೋಣ ಎನ್ನುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ, ಹಳೆಯ ಕನ್ನಡಕವನ್ನೂ ಕಣ್ಣಿನ ಉದ್ದದ ಅಳತೆಯನ್ನೂ ಜೊತೆಗೆ ಕೊಂಡುಹೋಗಿ, ಅಂಥ ಕಣ್ಣುಗಳಲ್ಲಿ ಕೈ ಪಳಗಿದವರಿರುವ ದೊಡ್ಡ ಕಣ್ಣಾಸ್ಪತ್ರೆಯಲ್ಲಿಯೇ ತೋರಿಸಿ.